ಬಳಸಿದ ರೋಡ್ ಸೈಕಲ್: ಕೇಳುವ ಬೆಲೆ ಮತ್ತು ನಿಜವಾದ ಮೌಲ್ಯ

ಬಳಸಿದ ಯಾವುದೇ ಸೊತ್ತನ್ನು ಕೊಳ್ಳುವಾಗ ಮೂರು ಬೆಲೆಗಳು ನಮ್ಮೆದುರು ಬರುತ್ತವೆ. ಮಾರುವವನು ಹಿಂದೆ ತೆತ್ತ ಬೆಲೆ ಮೊದಲನೆಯದು. ಆತನು ಈಗ ಕೇಳುತ್ತಿರುವ ಬೆಲೆ ಎರಡನೆಯದು. ಆ ಸೊತ್ತಿನಿಂದ ಕೊಳ್ಳುವವನಿಗೆ ಇನ್ನು ಮುಂದೆ ದೊರೆಯುವ ಪ್ರಯೋಜನದ ಬೆಲೆ ಮೂರನೆಯದು. ವ್ಯವಹಾರದಲ್ಲಿ ನಾವು ಹಣ ಕೊಡಬೇಕಾದುದು ಮೂರನೆಯದಕ್ಕೆ ಮಾತ್ರ. ಆದರೆ ಮಾತುಕತೆಯೆಲ್ಲ ಮೊದಲೆರಡರ ಸುತ್ತ ನಡೆಯುವುದರಿಂದ ಮೂರನೆಯದನ್ನು ಲೆಕ್ಕ ಹಾಕುವ ಗೋಜಿಗೆ ಹೋಗುವವರು ವಿರಳ.

ಈ ತತ್ತ್ವವನ್ನು ತಿಳಿಸಲು ರೋಡ್ ಸೈಕಲ್ ಉತ್ತಮ ಉದಾಹರಣೆ. ಡ್ರಾಪ್ ಹ್ಯಾಂಡಲ್, ಕಿರಿದಾದ ಟೈರು ಹಾಗೂ ಹಗುರವಾದ ಚೌಕಟ್ಟಿನ ಈ ಸೈಕಲ್ ಇಂದು ಹತ್ತಾರು ಸಾವಿರದಿಂದ ಹಲವು ಲಕ್ಷ ರೂಪಾಯಿಗಳವರೆಗೆ ಬೆಲೆ ಬಾಳುತ್ತದೆ. ಮೋಟಾರು ವಾಹನಕ್ಕಿರುವಂತೆ ಇದಕ್ಕೆ ನೋಂದಣಿ ಪುಸ್ತಕವಿಲ್ಲ. ವರ್ಷವರ್ಷಕ್ಕೂ ಮೌಲ್ಯವನ್ನು ಸೂಚಿಸುವ ವಿಮಾ ಪತ್ರವೂ ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಎಂಬುದಕ್ಕೆ ಮಾರುವವನ ಮಾತೇ ಆಧಾರ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸ್ಪರ್ಧಾಳುಗಳಿಗೆ ಹೆಸರಾದ ನಾಡು. ಅಲ್ಲಿನ ಅನೇಕ ಸ್ಪರ್ಧಾಳುಗಳು ಒಕ್ಕಲುತನದ ಮನೆಗಳಿಂದ ಬಂದವರು. ಅಂತಹ ಕುಟುಂಬಕ್ಕೆ 40,000 ರೂಪಾಯಿ ಹವ್ಯಾಸದ ಖರ್ಚಲ್ಲ, ಮಗನ ಅಥವಾ ಮಗಳ ಭವಿಷ್ಯದ ಮೇಲಿನ ಹೂಡಿಕೆ. ಬಿರುಕು ಬಿಟ್ಟ ಫೋರ್ಕನ್ನು ಹೊಸ ಬಣ್ಣದಡಿ ಮುಚ್ಚಿ ಮಾರಿದರೆ ಹಣದೊಂದಿಗೆ ಪ್ರಾಣಕ್ಕೂ ಸಂಚಕಾರ. ಆದುದರಿಂದ ಈ ವಿಷಯವನ್ನು ಕ್ರಮಬದ್ಧವಾಗಿ ಪರಿಶೀಲಿಸುವುದು ಉಚಿತ.

1. ಪುಸ್ತಕ ಬೆಲೆ ಮಾರುಕಟ್ಟೆ ಬೆಲೆಯಲ್ಲ

ಒಂದು ಲಕ್ಷ ರೂಪಾಯಿಯ ಸೈಕಲ್ಲನ್ನು ಒಂದು ಸಂಸ್ಥೆಯು ತನ್ನ ಲೆಕ್ಕಪುಸ್ತಕದಲ್ಲಿ ತೋರಿಸಿ, ಇಳಿಕೆ ಶೇಷದ ಪದ್ಧತಿಯಂತೆ ಶೇ. 15ರ ದರದಲ್ಲಿ ಸವಕಳಿ ಕಳೆಯಿತೆಂದು ಭಾವಿಸೋಣ. ಮೊದಲ ವರ್ಷದ ಕೊನೆಗೆ 85,000, ಎರಡನೆಯ ವರ್ಷದ ಕೊನೆಗೆ 72,250, ಮೂರನೆಯ ವರ್ಷದ ಕೊನೆಗೆ ಸುಮಾರು 61,412 ರೂಪಾಯಿ ಉಳಿಯುತ್ತದೆ. ಈ ಅಂಕಿ ತಪ್ಪಲ್ಲ. ಆದರೆ ಅದು ವೆಚ್ಚವನ್ನು ವರ್ಷಗಳಿಗೆ ಹಂಚುವ ಕ್ರಮವೇ ಹೊರತು ಬೆಲೆ ಕಟ್ಟುವ ಕ್ರಮವಲ್ಲ. ಸವಕಳಿ ಪಟ್ಟಿಗೆ ಸೈಕಲ್ ಬಿದ್ದುದು ತಿಳಿಯದು. ಮಳೆಯಲ್ಲಿ ನೆನೆದುದು ತಿಳಿಯದು. ಮೂರು ವರ್ಷ ಗೋಡೆಗೆ ನೇತುಹಾಕಿದ್ದುದೂ ತಿಳಿಯದು. “ವರ್ಷಕ್ಕೆ ಇಷ್ಟು ಶೇಕಡಾ ಕಳೆದರೆ ಸಾಕು” ಎನ್ನುವ ಮಾರಾಟಗಾರರೂ ಕೊಳ್ಳುವವರೂ ಈ ಎರಡು ಕ್ರಮಗಳನ್ನು ಬೆರೆಸಿಬಿಡುತ್ತಾರೆ.

2. ಯಾವ ಬೆಲೆಯಿಂದ ಲೆಕ್ಕ ಆರಂಭಿಸಬೇಕು?

ಮಾರುವವನು ಮೊದಲು ತೋರಿಸುವುದು ಹಳೆಯ ಬಿಲ್ಲನ್ನು. ಬಿಲ್ಲು ಹಕ್ಕಿಗೆ ಸಾಕ್ಷಿ, ಬೆಲೆಗೆ ಸಾಕ್ಷಿಯಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ತೆರಿಗೆ. ಸೈಕಲ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. 80,000 ರೂಪಾಯಿ ಮೂಲಬೆಲೆಯ ಸೈಕಲ್ಲಿಗೆ ಹಿಂದೆ ತೆರಿಗೆ ಸೇರಿ 89,600 ರೂಪಾಯಿ ತೆತ್ತಿದ್ದವರು, ಮೂಲಬೆಲೆ ಬದಲಾಗದಿದ್ದಲ್ಲಿ, ಅದನ್ನೇ ಈಗ 84,000 ರೂಪಾಯಿಗೆ ಪಡೆಯಬಹುದು. 5,600 ರೂಪಾಯಿಗಳ ಈ ಅಂತರವು ಸೈಕಲ್ಲಿನಲ್ಲಿಲ್ಲ. ಅದು ಖಜಾನೆಗೆ ಸೇರಿ ಹೋಗಿದೆ. ಅದನ್ನು ಎರಡನೆಯ ಕೊಳ್ಳುಗನಿಂದ ವಸೂಲು ಮಾಡಲಾಗದು.

ಎರಡನೆಯದು ಕಾಲ. ಕೋವಿಡ್ ಕಾಲದಲ್ಲಿ, ಅಂದರೆ 2020 ಮತ್ತು 2021ರಲ್ಲಿ, ಜಗತ್ತಿನಾದ್ಯಂತ ಸೈಕಲ್‌ಗಳಿಗೂ ಬಿಡಿಭಾಗಗಳಿಗೂ ಅಭಾವ ತಲೆದೋರಿ ಬೆಲೆ ಏರಿತ್ತು. ಬಳಿಕ ಬೇಡಿಕೆ ಕುಗ್ಗಿ, ದಾಸ್ತಾನು ಹೆಚ್ಚಿ, ತಯಾರಕರೂ ವರ್ತಕರೂ ರಿಯಾಯಿತಿಗೆ ಇಳಿದರು. ಅಭಾವದ ದಿನಗಳ ಬೆಲೆಯನ್ನು ಆಧಾರವಾಗಿ ಇಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಹಾದಿ ತಪ್ಪುತ್ತದೆ.

ಆದ್ದರಿಂದ ಸರಿಯಾದ ಆರಂಭದ ಅಂಕಿ ಒಂದೇ: ಅದೇ ದರ್ಜೆಯ ಹೊಸ ಸೈಕಲ್ಲನ್ನು ಇಂದು, ರಿಯಾಯಿತಿ ಕಳೆದು, ತೆರಿಗೆ ಸೇರಿಸಿ, ಅಂಗಡಿಯವರು ಎಷ್ಟಕ್ಕೆ ಕೊಡುತ್ತಾರೆ? ಇದನ್ನು ಎರಡು ಅಂಗಡಿಗಳಲ್ಲಿ ವಿಚಾರಿಸಿಯೇ ಹಳೆಯ ಸೈಕಲ್ ನೋಡಲು ಹೊರಡಬೇಕು.

3. ಮೊದಲು ಹಕ್ಕು, ಆಮೇಲೆ ಬೆಲೆ

1930ರ ಸರಕು ಮಾರಾಟ ಕಾಯಿದೆಯ 27ನೆಯ ಪ್ರಕರಣದ ಸಾರವೆಂದರೆ, ಮಾರುವವನಿಗೆ ಎಷ್ಟು ಹಕ್ಕಿದೆಯೋ ಅದಕ್ಕಿಂತ ಹೆಚ್ಚಿನ ಹಕ್ಕು, ಕಾಯಿದೆಯೇ ಹೇಳಿರುವ ಕೆಲವು ಸಂದರ್ಭಗಳ ಹೊರತು, ಕೊಳ್ಳುವವನಿಗೆ ದೊರೆಯದು. ಕದ್ದ ಸೈಕಲ್ಲಿಗೆ ನೀವು ಪೂರ್ಣ ಬೆಲೆ ತೆತ್ತಿದ್ದರೂ ನಿಜವಾದ ಒಡೆಯನು ಬಂದು ಕೇಳಿದಾಗ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಕಳವಿನ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಂತೆ ಅಪರಾಧವೂ ಆಗುತ್ತದೆ.

ಸಾಮಾನ್ಯವಾಗಿ ಪೆಡಲ್‌ಗಳ ನಡುವಿನ ಬಾಟಮ್ ಬ್ರಾಕೆಟ್ಟಿನ ಅಡಿಭಾಗದಲ್ಲಿ ಚೌಕಟ್ಟಿನ ಕ್ರಮಾಂಕ ಇರುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ಅದನ್ನು ಓದಿ ಬಿಲ್ಲಿನೊಡನೆ ಹೋಲಿಸಬೇಕು. ಕ್ರಮಾಂಕವನ್ನು ಕೆರೆದು ಅಳಿಸಿದ್ದರೆ ಬೆಲೆಯ ಮಾತನ್ನೇ ಎತ್ತದೆ ಹಿಂದಿರುಗುವುದು ಲೇಸು. ಬಿಲ್ಲು ಕಳೆದುಹೋಗಿದೆ ಎಂದಾದರೆ, ಮಾರುವವರ ಹೆಸರು, ವಿಳಾಸ, ಗುರುತಿನ ಪತ್ರದ ಪ್ರತಿ ಹಾಗೂ ಚೌಕಟ್ಟಿನ ಕ್ರಮಾಂಕ ನಮೂದಿಸಿದ ಸಹಿ ಸಹಿತದ ರಸೀದಿಯನ್ನಾದರೂ ಪಡೆಯಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸುವುದು ಒಳಿತು.

ಅದೇ ಕಾಯಿದೆಯ 16ನೆಯ ಪ್ರಕರಣದಂತೆ ಸರಕಿನ ಗುಣಮಟ್ಟದ ಬಗೆಗೆ, ಕೆಲವು ಸಂದರ್ಭಗಳ ಹೊರತು, ಕಾಯಿದೆಯೇ ಭರವಸೆ ಕೊಡುವುದಿಲ್ಲ. ಎಚ್ಚರ ವಹಿಸಬೇಕಾದವನು ಕೊಳ್ಳುವವನೇ. ಖಾಸಗಿ ವ್ಯಕ್ತಿಯಿಂದ ಕೊಳ್ಳುವಾಗ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಆದುದರಿಂದ ಪರೀಕ್ಷೆಯ ಹೊಣೆ ನಮ್ಮದೇ.

4. ಭೌತಿಕ ಪರೀಕ್ಷೆ

ಬೆಳ್ಳಗಿರುವುದೆಲ್ಲ ಹಾಲಲ್ಲ. ಸೈಕಲ್ಲನ್ನು ಹಗಲು ಬೆಳಕಿನಲ್ಲಿ, ತೊಳೆದು ಒರೆಸಿದ ಸ್ಥಿತಿಯಲ್ಲಿ ನೋಡಬೇಕು. ಪರೀಕ್ಷೆಯ ಕ್ರಮ ಹೀಗಿರಲಿ.

ಅಳತೆ: ರೋಡ್ ಸೈಕಲ್ಲಿನ ಚೌಕಟ್ಟಿಗೆ ಸೆಂಟಿಮೀಟರಿನಲ್ಲಿ 52, 54, 56 ಎಂಬಂತೆ ಅಳತೆಗಳಿರುತ್ತವೆ. ಸವಾರನ ಎತ್ತರಕ್ಕೆ ಹೊಂದದ ಸೈಕಲ್ ಎಷ್ಟು ಅಗ್ಗವಾದರೂ ದುಬಾರಿಯೇ. ಸೀಟು ಏರಿಸಿ ಇಳಿಸಿ ಸರಿಪಡಿಸಬಹುದಾದ ಮಿತಿ ಅಲ್ಪ.

ಚೌಕಟ್ಟು ಮತ್ತು ಫೋರ್ಕ್: ಇವು ಸೈಕಲ್ಲಿನ ಬಂಡವಾಳ. ಅಲ್ಯೂಮಿನಿಯಮ್ ಚೌಕಟ್ಟಿನಲ್ಲಿ ಬೆಸುಗೆಯ ಅಂಚುಗಳನ್ನೂ, ಹ್ಯಾಂಡಲ್ಲಿನ ಹಿಂದೆ ಕೆಳಗಿಳಿಯುವ ದಪ್ಪ ಕೊಳವೆಯ ಅಡಿಭಾಗವನ್ನೂ ನೋಡಬೇಕು. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಉಬ್ಬಿದ್ದರೆ ಮುಂಭಾಗಕ್ಕೆ ಬಲವಾದ ಪೆಟ್ಟು ಬಿದ್ದಿದೆಯೆಂದು ತಿಳಿಯಬಹುದು. ಕಾರ್ಬನ್ ಚೌಕಟ್ಟಿನಲ್ಲಿ ಹೊರಗೆ ಕೂದಲೆಳೆಯಷ್ಟು ಗೆರೆ ಕಂಡರೂ ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಒಂದೆಡೆ ಮಾತ್ರ ಸದ್ದು ಮಂಕಾದರೆ ಅದು ಸಂಶಯಕ್ಕೆ ಆಸ್ಪದ. ಇದು ಕೊನೆಯ ತೀರ್ಪಲ್ಲ. ಸಂಶಯ ಬಂದಲ್ಲಿ ನುರಿತವರಿಗೆ ತೋರಿಸಬೇಕು ಅಥವಾ ಬಿಡಬೇಕು. ಉಕ್ಕಿನ ಚೌಕಟ್ಟಿನಲ್ಲಿ ತಗ್ಗು ಮತ್ತು ತುಕ್ಕನ್ನು ಗಮನಿಸಬೇಕು. ಅದನ್ನು ಬೆಸುಗೆ ಹಾಕಿ ಸರಿಪಡಿಸುವುದು ಉಳಿದವುಗಳಿಗಿಂತ ಸುಲಭ. ಸೀಟಿನ ಕಂಬವನ್ನು ಸಡಿಲಿಸಿ ಮೇಲೆ ಕೆಳಗೆ ಆಡಿಸಿ ನೋಡುವುದನ್ನು ಮರೆಯಬಾರದು. ಬೆವರು ಮತ್ತು ನೀರು ಇಳಿದು ಅದು ಚೌಕಟ್ಟಿನೊಳಗೆ ಕಚ್ಚಿಕೊಂಡಿದ್ದರೆ ಬಿಡಿಸುವಾಗ ಚೌಕಟ್ಟೇ ಹಾಳಾಗಬಹುದು.

ಸರಪಳಿ: ಇಲ್ಲಿ ಒಂದು ಅಡಿಪಟ್ಟಿಯೇ ಲೆಕ್ಕ ಪರಿಶೋಧಕ. ಹೊಸ ಸರಪಳಿಯ 12 ಪೂರ್ಣ ಕೊಂಡಿಗಳ ಉದ್ದ, ಒಂದು ಪಿನ್ನಿನ ನಡುವಿನಿಂದ ಅಳೆದಾಗ, ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಸವೆತ ಸುಮಾರು ಶೇ. 0.5, ಸರಪಳಿ ಬದಲಿಸುವ ಕಾಲ ಬಂದಿದೆ. ಎಂಟನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಸವೆತ ಸುಮಾರು ಶೇ. 1, ಆಗ ಹಿಂಬದಿಯ ಹಲ್ಲುಚಕ್ರಗಳ ಗುಚ್ಛವೂ ಸರಪಳಿಯೊಡನೆ ಸವೆದಿರುತ್ತದೆ. “ಬರೀ 1,000 ಕಿಲೋಮೀಟರ್ ಓಡಿದೆ” ಎಂಬ ಮಾತಿಗೂ ಈ ಅಳತೆಗೂ ತಾಳೆಯಾಗದಿದ್ದರೆ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಸರಪಳಿ ಹೊಸದಾಗಿದ್ದು ಹಲ್ಲುಗಳು ಮೊನಚಾಗಿ ಒಂದೇ ಕಡೆಗೆ ಬಾಗಿದ್ದರೆ ಮಾರಾಟಕ್ಕೆಂದೇ ಸರಪಳಿ ಬದಲಿಸಿರುವ ಸಂಭವವಿದೆ.

ಗಾಲಿ ಮತ್ತು ಬ್ರೇಕು: ಗಾಲಿಯನ್ನು ಎತ್ತಿ ತಿರುಗಿಸಿ, ಬ್ರೇಕಿನ ಗುಬ್ಬಿಯ ಪಕ್ಕದಲ್ಲಿ ಓಲಾಡುವುದೇ ನೋಡಬೇಕು. ಕಡ್ಡಿಗಳನ್ನು ಎರಡೆರಡಾಗಿ ಹಿಂಡಿದಾಗ ಸಡಿಲು ತಿಳಿಯುತ್ತದೆ. ರಿಮ್ ಬ್ರೇಕಾದರೆ ರಿಮ್ಮಿನ ಬದಿ ಒಳಕ್ಕೆ ತಗ್ಗಾಗಿರಬಾರದು. ಹಾಗಾಗಿದ್ದರೆ ಗಾಲಿಯನ್ನೇ ಬದಲಿಸಬೇಕು. ಡಿಸ್ಕ್ ಬ್ರೇಕಾದರೆ, ಶಿಮಾನೋ ಕಂಪನಿಯ ತಟ್ಟೆಗಳು ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪವಿದ್ದು 1.5 ಮಿಲಿಮೀಟರಿಗೆ ಇಳಿದಾಗ ಬದಲಿಸಬೇಕಾಗುತ್ತದೆ.

ಬೇರಿಂಗುಗಳು: ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿದಾಗ ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಎಂದರೆ ಹೆಡ್‌ಸೆಟ್ ಸಡಿಲವಾಗಿದೆ. ಪೆಡಲಿನ ತೋಳನ್ನು ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಆಟ ಕಂಡರೆ ಬಾಟಮ್ ಬ್ರಾಕೆಟ್ಟಿನ ಖರ್ಚು ಕಾದಿದೆ.

ಕೊನೆಯದಾಗಿ, ಎಲ್ಲ ಗೇರುಗಳನ್ನೂ ಬದಲಿಸುತ್ತ ಒಂದು ಏರು, ಒಂದು ಇಳಿಜಾರು ಸವಾರಿ ಮಾಡಿ ನೋಡಬೇಕು. ಸವಾರಿಗೆ ಬಿಡದವರಿಂದ ಕೊಳ್ಳಬಾರದು.

5. ದರ್ಜೆ ಮತ್ತು ಅಪ್ರಚಲಿತತೆ

ಸೈಕಲ್ಲಿನ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಗೇರು ಮತ್ತು ಬ್ರೇಕುಗಳ ಜೋಡಣೆ. ಶಿಮಾನೋ ಕಂಪನಿಯ ಪರಿಚಿತ ರೋಡ್ ದರ್ಜೆಗಳು ಕೆಳಗಿನಿಂದ ಮೇಲಕ್ಕೆ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯೂರಾ-ಏಸ್ ಎಂದು ಸಾಗುತ್ತವೆ. ಜಾಹೀರಾತಿನಲ್ಲಿ ಮೇಲ್ದರ್ಜೆಯ ಹೆಸರೊಂದನ್ನು ಹೇಳಿ, ಹಿಂಬದಿಯ ಡಿರೇಲರ್ ಮಾತ್ರ ಆ ದರ್ಜೆಯದಾಗಿದ್ದು ಉಳಿದವು ಕೆಳದರ್ಜೆಯವಾಗಿರುವುದುಂಟು. ಪ್ರತಿ ಭಾಗದ ಮೇಲಿನ ಹೆಸರನ್ನೂ ಓದಿ ಬರೆದುಕೊಳ್ಳಬೇಕು.

ಸವೆಯದಿದ್ದರೂ ಮೌಲ್ಯ ಕುಸಿಯುವುದನ್ನು ಅಪ್ರಚಲಿತತೆ ಎನ್ನುತ್ತೇವೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2018ರಲ್ಲಿ ರೋಡ್ ಸ್ಪರ್ಧೆಗಳಲ್ಲಿ ಡಿಸ್ಕ್ ಬ್ರೇಕಿಗೆ ವಿಧಿವತ್ತಾಗಿ ಸಮ್ಮತಿಸಿದ ನಂತರ ತಯಾರಕರು ಹೊಸ ಮಾದರಿಗಳಲ್ಲಿ ಹೆಚ್ಚಾಗಿ ಡಿಸ್ಕ್ ಬ್ರೇಕನ್ನೇ ಅಳವಡಿಸುತ್ತಿದ್ದಾರೆ. ಉತ್ತಮ ರಿಮ್ ಬ್ರೇಕಿನ ಸೈಕಲ್ ಇಂದಿಗೂ ಚೆನ್ನಾಗಿಯೇ ಓಡುತ್ತದೆ; ಆದರೆ ಮರುಮಾರಾಟದಲ್ಲಿ ಅದರ ಬೆಲೆ ತಗ್ಗು. ಓಡಿಸಲೆಂದೇ ಕೊಳ್ಳುವವರಿಗೆ ಇದು ಲಾಭ. ಎರಡು ವರ್ಷಗಳಲ್ಲಿ ಮಾರುವ ಉದ್ದೇಶವಿರುವವರಿಗೆ ನಷ್ಟ.

ಹೆಚ್ಚುವರಿ ಸಾಧನಗಳದು ಇನ್ನೊಂದು ಪಾಠ. ಮಾರುವವನು ದುಬಾರಿ ಸೀಟು, ಪೆಡಲು, ಗಾಲಿಗಳಿಗೆ ಹಣ ಹಾಕಿರಬಹುದು. ಅವನ ವೆಚ್ಚ ನಮ್ಮ ಮೌಲ್ಯವಲ್ಲ. ಆ ವಸ್ತುವನ್ನು ನಾವು ಹೇಗೂ ಕೊಳ್ಳುತ್ತಿದ್ದೆವೇ ಎಂದು ಕೇಳಿಕೊಂಡು, ಹೌದಾದರೆ ಮಾತ್ರ ಅದರ ಹಳೆಯ ಬೆಲೆಯನ್ನು ಸೇರಿಸಬೇಕು.

6. ಲೆಕ್ಕದ ಮಾದರಿ

ಈಗ ಒಂದು ದೃಷ್ಟಾಂತ. ಇಲ್ಲಿನ ಅಂಕಿಗಳು ಕ್ರಮವನ್ನು ತಿಳಿಸಲಷ್ಟೇ ಕಲ್ಪಿಸಿದವು. ಅಲ್ಯೂಮಿನಿಯಮ್ ಚೌಕಟ್ಟಿನ, 2021ರಲ್ಲಿ ಕೊಂಡ ಸೈಕಲ್ಲಿಗೆ ಕೇಳಿದ ಬೆಲೆ 48,000 ರೂಪಾಯಿ. ಹಳೆಯ ಬಿಲ್ಲು 89,600 ರೂಪಾಯಿ. ಅದೇ ದರ್ಜೆಯ ಹೊಸ ಸೈಕಲ್ ಇಂದು ರಿಯಾಯಿತಿ ಕಳೆದು 78,000 ರೂಪಾಯಿಗೆ ಸಿಗುತ್ತದೆ. ಪರೀಕ್ಷೆಯಲ್ಲಿ ಚೌಕಟ್ಟು ಸುಸ್ಥಿತಿಯಲ್ಲಿದೆ. ಸರಪಳಿ, ಹಲ್ಲುಚಕ್ರ, ಟೈರು, ಕೇಬಲ್ಲುಗಳು ಸವೆದಿವೆ.

ವೆಚ್ಚದ ಕ್ರಮ: ಹೊಸ ಬೆಲೆಯನ್ನು ಭಾಗಗಳಿಗೆ ಹಂಚಿ, ಪ್ರತಿಯೊಂದರ ಉಳಿದ ಆಯುಷ್ಯಕ್ಕೆ ತಕ್ಕ ಬೆಲೆ ಕಟ್ಟುವುದು.

ಚೌಕಟ್ಟು ಮತ್ತು ಫೋರ್ಕ್: 36,000ರಲ್ಲಿ ಶೇ. 55 — 19,800
ಗಾಲಿಗಳು: 12,000ರಲ್ಲಿ ಶೇ. 50 — 6,000
ಗೇರು, ಬ್ರೇಕು ಜೋಡಣೆ: 22,000ರಲ್ಲಿ ಶೇ. 60 — 13,200
ಸವೆಯುವ ಭಾಗಗಳು: 8,000ರಲ್ಲಿ ಶೇ. 20 — 1,600
ಒಟ್ಟು — 40,600
ಕಳೆಯಿರಿ: ಜೋಡಿಸುವ ಕೂಲಿ — 1,200
ಕಳೆಯಿರಿ: ಖಾತರಿ ಇಲ್ಲದ ಅಪಾಯಕ್ಕೆ — 2,000
ನಿವ್ವಳ ಮೌಲ್ಯ — 37,400

ಮಾರುಕಟ್ಟೆಯ ಕ್ರಮ: ಅಂತಹುದೇ ಸೈಕಲ್ಲುಗಳು ಸುಸ್ಥಿತಿಯಲ್ಲಿ 40,000, 43,000 ಹಾಗೂ 46,000 ರೂಪಾಯಿಗಳಿಗೆ ಕೈ ಬದಲಾಗಿವೆ ಎಂದುಕೊಳ್ಳೋಣ. ಸರಾಸರಿ 43,000. ಇದರಿಂದ ತಕ್ಷಣದ ರಿಪೇರಿಯನ್ನು ಕಳೆಯಬೇಕು: ಸರಪಳಿ 1,300, ಹಲ್ಲುಚಕ್ರ 1,700, ಟೈರುಗಳು 2,000, ಕೇಬಲ್ ಮತ್ತು ಬ್ರೇಕಿನ ಗುಬ್ಬಿ 800, ಕೂಲಿ 1,200, ಒಟ್ಟು 7,000. ಉಳಿಯುವುದು 36,000 ರೂಪಾಯಿ.

ಎರಡು ಸೂಕ್ಷ್ಮಗಳನ್ನು ವಾಚಕರು ಗಮನಿಸಬೇಕು. ವೆಚ್ಚದ ಕ್ರಮದಲ್ಲಿ ಸವೆದ ಭಾಗಗಳಿಗೆ ಈಗಾಗಲೇ ಕಡಿಮೆ ಬೆಲೆ ಕಟ್ಟಿರುವುದರಿಂದ ಹೊಸ ಭಾಗಗಳ ಬೆಲೆಯನ್ನು ಮತ್ತೆ ಕಳೆಯಲಿಲ್ಲ. ಕಳೆದಿದ್ದರೆ ಮಾರುವವನಿಗೆ ಅನ್ಯಾಯ. ಮಾರುಕಟ್ಟೆಯ ಕ್ರಮದಲ್ಲಿ ಅಪಾಯದ ಮೊತ್ತವನ್ನು ಕಳೆಯಲಿಲ್ಲ. ಏಕೆಂದರೆ ಹಳೆಯ ಸೈಕಲ್ಲುಗಳ ಮಾರಾಟದ ಬೆಲೆಯಲ್ಲಿ ಖಾತರಿಯಿಲ್ಲದ ಅಂಶ ಸೇರಿಯೇ ಇರುತ್ತದೆ. ಅಲ್ಲದೆ ಹೋಲಿಕೆಗೆ ತೆಗೆದುಕೊಳ್ಳಬೇಕಾದುದು ಕೈಗೂಡಿದ ವ್ಯವಹಾರಗಳ ಬೆಲೆಯನ್ನು. ಜಾಹೀರಾತಿನಲ್ಲಿ ಕೇಳಿದ ಬೆಲೆ ಆಸೆಯಷ್ಟೇ.

ಎರಡು ಬೇರೆ ದಾರಿಗಳಿಂದ ಬಂದ ಅಂಕಿಗಳು 36,000 ಮತ್ತು 37,400. ಇವು ಹತ್ತಿರವಿರುವುದರಿಂದ ಲೆಕ್ಕದ ಮೇಲೆ ಭರವಸೆ ಇಡಬಹುದು. ತುಂಬಾ ದೂರವಿದ್ದರೆ ಯಾವುದೋ ಊಹೆ ಕೆಟ್ಟಿದೆ ಎಂದು ತಿಳಿದು ಪುನಃ ಪರಿಶೀಲಿಸಬೇಕು. ನಮ್ಮ ಗರಿಷ್ಠ ಬೆಲೆ 37,000 ಎಂದು ಮನಸ್ಸಿನಲ್ಲಿ ಗೆರೆ ಎಳೆದು 33,000ದಿಂದ ಮಾತು ಆರಂಭಿಸಬಹುದು. 48,000ಕ್ಕೆ ಪಟ್ಟು ಹಿಡಿದರೆ ನಮಸ್ಕರಿಸಿ ಹಿಂದಿರುಗುವುದೇ ಸರಿ. ಏಕೆಂದರೆ ಆ ಬೆಲೆಗೆ ಕೊಂಡು 7,000 ರೂಪಾಯಿ ರಿಪೇರಿ ಮಾಡಿಸಿದರೆ ವೆಚ್ಚ 55,000 ಆಗುತ್ತದೆ. ಇನ್ನು 23,000 ಸೇರಿಸಿದರೆ ಖಾತರಿ ಸಹಿತ ಹೊಸ ಸೈಕಲ್ಲೇ ಮನೆಗೆ ಬರುತ್ತದೆ.

ಚೌಕಟ್ಟಿನಲ್ಲಿ ಬಿರುಕು ಇದ್ದಲ್ಲಿ ಮಾತ್ರ ಈ ಲೆಕ್ಕ ಅನ್ವಯಿಸದು. ಅಲ್ಲಿ ರಿಯಾಯಿತಿಯ ಪ್ರಶ್ನೆಯೇ ಇಲ್ಲ. ಅದು ಬಿಡಿಭಾಗಗಳ ರಾಶಿಯೆಂದೇ ಬೆಲೆ ಕಟ್ಟಬೇಕು. ಜೀವದ ಅಪಾಯವನ್ನು ರೂಪಾಯಿಯಲ್ಲಿ ಕಳೆಯುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

7. ವರ್ತಕ ಮಿತ್ರರಿಗೆ

ಹಳೆಯ ಸೈಕಲ್‌ಗಳನ್ನು ಕೊಂಡು ಮಾರುವ ನೋಂದಾಯಿತ ವರ್ತಕರಿಗೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 32(5)ನೆಯ ನಿಯಮ ಅನುಕೂಲಕರ. ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದಲ್ಲಿ, ಮಾರಾಟ ಬೆಲೆಗೂ ಖರೀದಿ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ತೆತ್ತರೆ ಸಾಕು. ಅಂತರ ಋಣಾತ್ಮಕವಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ವಸ್ತುವಿನ ಸ್ವರೂಪ ಬದಲಾಗದಂತಹ ಸಣ್ಣ ರಿಪೇರಿ ಮಾಡಿ ಮಾರಿದರೂ ಈ ಸೌಲಭ್ಯ ದೊರೆಯುತ್ತದೆ. ತನ್ನ ಸ್ವಂತ ಬಳಕೆಯ ಸೈಕಲ್ಲನ್ನು ಮಾರುವ ಗೃಹಸ್ಥನಿಗೆ, ಅದು ವ್ಯಾಪಾರವಲ್ಲವಾದ್ದರಿಂದ, ಈ ತೆರಿಗೆಯ ಗೊಡವೆಯಿಲ್ಲ.

ವರ್ತಕರು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಮೇಲಿನ ಸೈಕಲ್ಲನ್ನೇ ರಿಪೇರಿ ಮಾಡಿ ತೆರಿಗೆ ಸೇರಿ 43,000ಕ್ಕೆ ಮಾರಬಹುದೆಂದಿಟ್ಟುಕೊಳ್ಳಿ. ತಮ್ಮ ಅಂಗಡಿಯಲ್ಲಿಯೇ ಮಾಡುವ ರಿಪೇರಿಗೆ 5,000, ಬಾಡಿಗೆ, ಬಡ್ಡಿ ಹಾಗೂ ಲಾಭಕ್ಕೆ 5,000, ಅಂತರದ ಮೇಲಿನ ಶೇ. 5 ತೆರಿಗೆ 500. ಇವನ್ನು ಕಳೆದರೆ ಕೊಡಬಹುದಾದ ಗರಿಷ್ಠ ಖರೀದಿ ಬೆಲೆ 32,500 ರೂಪಾಯಿ. ರಿಪೇರಿಯ ವೆಚ್ಚವನ್ನು ಅಂತರದಿಂದ ಕಳೆದು ತೆರಿಗೆ ಲೆಕ್ಕ ಹಾಕುವಂತಿಲ್ಲ ಎಂಬುದನ್ನು ನೆನಪಿಡಬೇಕು. ಪ್ರತಿ ಸೈಕಲ್ಲಿಗೂ ಚೌಕಟ್ಟಿನ ಕ್ರಮಾಂಕ ಸಹಿತ ಪ್ರತ್ಯೇಕ ಖರೀದಿ ದಾಖಲೆ ಇಟ್ಟರೆ ತೆರಿಗೆಗೂ ಆಧಾರ, ಕಳವಿನ ಸಂಶಯಕ್ಕೂ ಉತ್ತರ.

ಮಾರುವಾಗ ಪರೀಕ್ಷೆಯ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡುವ ಪದ್ಧತಿಯನ್ನು ನಮ್ಮ ವರ್ತಕರು ರೂಢಿಸಿಕೊಳ್ಳಬಹುದು. ಅಂತಹ ಹಾಳೆಗಾಗಿ ಗ್ರಾಹಕರು ಒಂದೆರಡು ಸಾವಿರ ಹೆಚ್ಚು ಕೊಡಲು ಹಿಂಜರಿಯಲಾರರು. ಏಕೆಂದರೆ ಖಾಸಗಿ ಮಾರಾಟದಲ್ಲಿ ಅವರು ಕಳೆಯುತ್ತಿದ್ದ ಅಪಾಯದ ಮೊತ್ತವೇ ಇಲ್ಲಿ ಅಂಗಡಿಯ ಪ್ರತಿಷ್ಠೆಯ ಬೆಲೆಯಾಗಿ ಮಾರ್ಪಡುತ್ತದೆ.

ಸಾರಾಂಶ

ಹಕ್ಕನ್ನು ಮೊದಲು ನೋಡಿ. ಇಂದಿನ ಹೊಸ ಬೆಲೆಯಿಂದ ಲೆಕ್ಕ ಆರಂಭಿಸಿ. ಬಾಳುವ ಭಾಗವನ್ನೂ ಸವೆಯುವ ಭಾಗವನ್ನೂ ಬೇರ್ಪಡಿಸಿ. ಎರಡು ಕ್ರಮಗಳಿಂದ ಮೌಲ್ಯ ಕಟ್ಟಿ ತಾಳೆ ನೋಡಿ. ಗರಿಷ್ಠ ಬೆಲೆಯನ್ನು ಮನೆಯಲ್ಲಿಯೇ ಕಾಗದದ ಮೇಲೆ ಬರೆದುಕೊಂಡು ಹೋಗಿ. ಪರೀಕ್ಷೆಯ ನಂತರ ಅದನ್ನು ತಗ್ಗಿಸಬಹುದು, ಏರಿಸಬಾರದು. ಸೈಕಲ್ಲಿಗೆ ಹೇಳಿದ ಈ ಐದು ಮಾತುಗಳು ಹಳೆಯ ಹಿಟ್ಟಿನ ಗಿರಣಿಗೂ, ಮುದ್ರಣ ಯಂತ್ರಕ್ಕೂ, ಸರಕು ಸಾಗಣೆಯ ವಾಹನಕ್ಕೂ ಅಷ್ಟೇ ಸಲ್ಲುತ್ತವೆ.